ಗಾಜು ಕೂರಿಸುವವಳ ತಕರಾರು

ಕ್ಲೀವ್‌ಲ್ಯಾಂಡಿನ ಸೇಂಟ್ ಕ್ಲೇರ್ ರಸ್ತೆಯಲ್ಲಿ
ಇಪ್ಪತ್ತಾರು ವರ್ಷದಿಂದ ಕಿಟಕಿಗೆ ಗಾಜು ಕೂರಿಸುವವಳು ನಾನು,
ಜಾಲ್ಕಾ ಹ್ರಿಬಾರ್. ಮಂಗಳವಾರ ಟಿಕೆಟ್ಟಿಗೆ ಅರ್ಧ ದುಡ್ಡು.
ಹಾರುವವರ ಚಿತ್ರ ಒಂದನ್ನೂ ಬಿಟ್ಟವಳಲ್ಲ.
ಆದ್ದರಿಂದ ಕೇಳು, ಮತೀಯಾ,
ಬೈಯುವ ಹಕ್ಕು ನಾನು ದುಡ್ಡು ಕೊಟ್ಟು ಕೊಂಡದ್ದು.

ಮೊದಲ ಅರ್ಧ ಗಂಟೆ ನನಗಿಷ್ಟ.
ತನಗೇನಾಗಿದೆಯೆಂದು ಅವನಿಗಿನ್ನೂ ಗೊತ್ತಿರುವುದಿಲ್ಲ.
ಬಾಗಿಲ ಹಿಡಿಕೆ ಕೈಗೇ ಕಿತ್ತು ಬರುತ್ತದೆ,
ನಾಚಿಕೊಂಡು ಜೇಬಿಗೆ ಹಾಕಿಕೊಳ್ಳುತ್ತಾನೆ.
ರಾತ್ರಿ ನಾಲಗೆ ಕಚ್ಚಿಕೊಂಡು ಸೂಜಿಗೆ ದಾರ ಪೋಣಿಸಿ
ತನ್ನ ಅಂಗಿ ತಾನೇ ಹೊಲಿಯುತ್ತಾನೆ; ಒಂದು ತೋಳು ಉದ್ದ.
ಅಲ್ಲಿಗೇ ದೀಪ ಹಾಕಿ ನಮ್ಮನ್ನು ಮನೆಗೆ ಕಳಿಸಿದರೂ
ನಾನು ಚಪ್ಪಾಳೆ ತಟ್ಟಿ ಎದ್ದೇನು.

ಆಮೇಲೆ ಆ ತೋಳನ್ನು ಯಾರೋ ಸರಿ ಮಾಡುತ್ತಾರೆ.
ಅಂಗಿ ಮೈಗೆ ಅಂಟುತ್ತದೆ, ಆಕಾಶಕ್ಕೆ ತೂತು ಬೀಳುತ್ತದೆ,
ನೀಲಿ ತೂತು, ಯಾವಾಗಲೂ ನೀಲಿ.
ಖಳನಿಗೋ ಬಾಯಿ ನಿಲ್ಲುವುದಿಲ್ಲ.
ಕೆಡುಕು ಮಾಡುವವರು ಇಷ್ಟು ವಿವರಿಸುತ್ತಾರೆಯೇ?
ನಮ್ಮ ಅಂಗಡಿಯ ಮಾಲೀಕ ಬಾಡಿಗೆ ಏರಿಸಿದಾಗ
ಬಾಗಿಲಿಗೊಂದು ಚೀಟಿ ಅಂಟಿಸಿ ಹೋದ, ಅಷ್ಟೆ.

ಇವನಿಗೆ ಅಪ್ಪನ ಮೇಲೆ ಸಿಟ್ಟು, ಏಟು ಬೀಳುವುದು ಪೇಟೆಗೆ:
ಎತ್ತಿಗೆ ಜ್ವರ, ಎಮ್ಮೆಗೆ ಬರೆ.
ನಾನು ಕತ್ತಲಲ್ಲಿ ಕೂತು ಕಿಟಕಿ ಎಣಿಸುತ್ತೇನೆ.
ಕಳೆದ ವಾರದ್ದರಲ್ಲಿ ನಾನೂರು ದಾಟಿ ಲೆಕ್ಕ ತಪ್ಪಿತು.
ಇಬ್ಬರು ಆಳು, ಒಂದು ಏಣಿ, ಎರಿ ಸರೋವರದ ಗಾಳಿ,
ದಿನಕ್ಕೆ ಒಂಬತ್ತು ಕೂರಿಸಿದರೆ ಹೆಚ್ಚು.
ಯಾವ ಚಿತ್ರದಲ್ಲೂ, ಮತೀಯಾ, ಯಾವ ಚಿತ್ರದಲ್ಲೂ
ಮಾರನೆಯ ಬೆಳಿಗ್ಗೆ ಪುಟ್ಟಿ ಡಬ್ಬ ಹಿಡಿದು ಬರುವವರಿಲ್ಲ.

ನೀನು ನಗುತ್ತೀಯ. “ಅತ್ತೆ, ಅದು ಕತೆ.”
ಕತೆಯೆಂದೇ ನಾನೂ ಹೇಳುತ್ತಿರುವುದು.
ಒಡೆದದ್ದಕ್ಕೆ ಬೆಲೆಯಿಲ್ಲದ ಮೇಲೆ
ಉಳಿಸಿದ್ದಕ್ಕೆಲ್ಲಿಯ ಬೆಲೆ?

ಸಾವೂ ಹಾಗೆಯೇ. ಗೆಳತಿ ಅವನ ತೋಳಲ್ಲಿ ಕಣ್ಣು ಮುಚ್ಚಿದಳು,
ಪಿಟೀಲು ಅತ್ತಿತು, ನೀನೂ ಅತ್ತೆ, ಸುಳ್ಳು ಹೇಳಬೇಡ.
ಹೆಸರೆಲ್ಲ ಉರುಳಿ ಮುಗಿದ ಮೇಲೆ ಅವಳ ಬೆರಳು ಅಲುಗಿತು.
ಆ ಒಂದು ಬೆರಳಿಗಾಗಿ ನೀನು
ಉಚ್ಚೆ ತಡೆದುಕೊಂಡು ಕೂತಿದ್ದೆ.
ನನಗೆ ಮಾತ್ರ ಸಾಲ ಕೊಟ್ಟ ಕಣ್ಣೀರು
ವಾಪಸ್ಸು ಕೇಳಬೇಕೆನಿಸಿತು.

ನಮ್ಮ ರೂಡಿ ಶಾಲೆಯ ಎರಡನೇ ಮಹಡಿಯಿಂದ ಬಿದ್ದ.
ಯಾರೂ ಹಾರಿ ಬಂದು ಹಿಡಿಯಲಿಲ್ಲ.
ಎರಡನೇ ಭಾಗದಲ್ಲಿ ಅವನು ಸ್ಟೂಲಿನ ಮೇಲೆ ಕೂತು
ಪುಟ್ಟಿ ಕಲಸುತ್ತಾನೆ, ರೇಡಿಯೊದ ಬೇಸ್‌ಬಾಲಿಗೆ ಬೈಯುತ್ತಾನೆ,
ಹಿಮ ಬೀಳುವುದನ್ನು ಹಿಂದಿನ ದಿನವೇ ಸೊಂಟದಿಂದ ಹೇಳುತ್ತಾನೆ.
ಅವನಿಗೆ ಬಂದ ಶಕ್ತಿ ಅದೊಂದೇ.
ಅದನ್ನು ಯಾರೂ ಚಿತ್ರ ಮಾಡುವುದಿಲ್ಲ.
ಮಾಡಿದರೂ, ನಿಜ ಹೇಳುತ್ತೇನೆ,
ಮಂಗಳವಾರ ನಾನು ಪಕ್ಕದ ಪರದೆಗೇ ಹೋದೇನು.

ಒಂದು ಆಗಸ್ಟಿನಲ್ಲಿ ಅವರು ನಮ್ಮ ರಸ್ತೆಗೇ ಬಂದರು.
ಬೇಕರಿಯ ಗಾಜು ಬಿಚ್ಚಿ ಸುಳ್ಳು ಗಾಜು ಕೂರಿಸುವ ಕೆಲಸ ನನ್ನದು:
ಹಗುರ, ಹಪ್ಪಳದ ಹಾಗೆ, ಕೈ ಕೊಯ್ಯದ ಗಾಜು.
ಹಾರುವವನು ಹಗ್ಗದಲ್ಲಿ ತೂಗುತ್ತಿದ್ದ,
ಮೊಣಕಾಲು ನಡುಗುವ ಎಳೆಯ ಹುಡುಗ.
ಮೂರು ಸಲ ಒಡೆದ, ಮೂರು ಸಲ ಕೂರಿಸಿದೆ.
ನಾಲ್ಕನೆಯದರ ಮುಂಚೆ ನನ್ನತ್ತ ತಿರುಗಿ
“ಕ್ಷಮಿಸಿ” ಅಂದ, ಕ್ಯಾಮೆರಾಗೆ ಕೇಳದಷ್ಟು ಮೆಲ್ಲಗೆ.

ಚಿತ್ರ ಬಂದಾಗ ಬೇಕರಿ ಒಂದೂವರೆ ಸೆಕೆಂಡು.
ಹುಡುಗನ ಮುಖದ ಮೇಲೆ ಬೇರೆಯವನ ಮುಖ.
ಹನ್ನೊಂದು ಸಲ ನೋಡಿದೆ.

ಹೊಸದು ಬರುತ್ತದಂತೆ, ಮುಂದಿನ ಮಂಗಳವಾರ, ಏಳಕ್ಕೆ.
ಪಾಪ್‌ಕಾರ್ನ್ ನಿನ್ನ ಲೆಕ್ಕ.
ಮುಂದಿನ ಸಾಲು ಮಾತ್ರ ಬೇಡ, ಮತೀಯಾ,
ಅಷ್ಟು ಹತ್ತಿರದಿಂದ ಕಿಟಕಿ ಎಣಿಸಲಾಗುವುದಿಲ್ಲ.